ಹನ್ನೊಂದನೇ ಕಾಲಂ

ಅರ್ಜಿಯ ಹನ್ನೊಂದನೇ ಕಾಲಂ:
ಉದ್ಯಮಿಯ ವೈಯಕ್ತಿಕ ಗುಣಗಳು.
ಮೂರು ಗೆರೆ ಜಾಗ,
ಸಾಲದಿದ್ದರೆ ಬೇರೆ ಹಾಳೆ ಲಗತ್ತಿಸಿ.

ನೆಲ್ಲಿಹುದಿಕೇರಿಯ ಹೊಳೆದಂಡೆ, ತಗಡಿನ ಮಾಡು,
ಹರಿದ ಗೋಣಿಗಳ ನಡುವೆ ಪೇಚಿಯಮ್ಮ.
ಬ್ಯಾಂಕಿನಿಂದ ಬಂದೆ ಎಂದೆ.
'ಆ ರಾಶಿ ಮೇಲೆ ಕೂರಬೇಡಿ, ಅದು ಹೊಲಿದಾಯ್ತು.'

ನಿಂತೇ ಕೇಳಿಸಿಕೊಂಡೆ.
ಮೂವತ್ತು ವರ್ಷ ಬೇರೆಯವರ ಕಾಫಿ ಕುಯ್ದ ಕೈ.
ತೂಕದಲ್ಲಿ ರೈಟರು ಎರಡು ಕಿಲೋ ನುಂಗಿದ ದಿನ
ಜಗಳವಾಡದೆ, ಸೆರಗಿನ ಗಂಟಿಗೆ
ಎರಡು ಹುಣಸೆಬೀಜ ಸೇರಿಸುತ್ತಿದ್ದಳಂತೆ.
ಯಾರಿಗೆ ತೋರಿಸಲಿಕ್ಕೆ?
'ಯಾರಿಗೂ ಅಲ್ಲ.
ನನಗೆ ಗೊತ್ತಿದೆ ಅಂತ ನನಗೆ ಗೊತ್ತಿರಬೇಕಲ್ಲ.'

ಇಲಿ ಕಡಿದ ಗೋಣಿಗಳನ್ನು
ಗೋದಾಮಿನ ಹಿಂದೆ ಸುಡುತ್ತಿದ್ದರು ಆಗ.
ಬೆಂಕಿಕಡ್ಡಿ ಯಾಕೆ ದಂಡ ಮಾಡ್ತೀರಿ ಎಂದು
ತಲೆಹೊರೆಯಲ್ಲಿ ಹೊತ್ತು ತಂದಳು.
ಮರುವರ್ಷ ಅದೇ ಗೋಣಿಗೆ ರೇಟು ಕೇಳಿದರು.
'ಕೇಳಲಿ. ಅದಕ್ಕೆ ಬೆಲೆ ಉಂಟು ಅಂತ
ನಾನೇ ತಾನೇ ಹೇಳಿಕೊಟ್ಟದ್ದು.'

ಕುಶಾಲನಗರದ ವ್ಯಾಪಾರಿಗೆ ಒಂದು ಸುಳ್ಳು ಹೇಳಿದಳು:
ನಾಲ್ಕು ಹೆಂಗಸರಿದ್ದಾರೆ ಕೆಲಸಕ್ಕೆ.
ಇದ್ದದ್ದು ಅವಳು, ಒಂದು ದಬ್ಬಣ, ಒಂದು ಚಿಮಣಿ.
ಬೆಳಗಾಗುವುದರೊಳಗೆ ಲೈನ್‌ಮನೆಯ ಬಾಗಿಲು ಬಡಿದು
ಮೂವರನ್ನು ಎಬ್ಬಿಸಿ ಕೂರಿಸಿ
ಸುಳ್ಳಿನ ಮುಕ್ಕಾಲು ಪಾಲು ತೀರಿಸಿದಳು.
ಉಳಿದ ಕಾಲು ಪಾಲು, ಅವಳೇ ಹೇಳುವಂತೆ,
ಮುಂದಿನ ವಾರ.

ಆಮೇಲೆ ಹೊಳೆ ಒಳಗೇ ಬಂತು.
ನಾನೂರು ಗೋಣಿ ಹೋಯಿತು.
ನೀರಿಳಿದ ಮೇಲೆ ದಂಡೆಯುದ್ದಕ್ಕೂ ನಡೆದು
ಬಿದಿರ ಮೆಳೆ, ಬೇಲಿ, ಸೇತುವೆಯ ಕಂಬ,
ಎಲ್ಲೆಲ್ಲಿ ಸಿಕ್ಕಿಕೊಂಡಿತ್ತೋ ಅಲ್ಲಲ್ಲಿಂದ ಬಿಡಿಸಿ ತಂದದ್ದು
ನೂರ ಮೂವತ್ತೆರಡು.
ಬಿಸಿಲಿಗೆ ಹರಡಿದಳು. ಬಿಲ್ಲಿನಲ್ಲಿ
ತೊಳೆದ ಕೂಲಿ, ಗೋಣಿಗೆ ಒಂದು ರೂಪಾಯಿ ಹೆಚ್ಚು.
ತೊಳೆದದ್ದು ಹೊಳೆಯಲ್ಲವಾ ಎಂದೆ.
'ಹೊಳೆ ಬಂದು ಕೇಳಿದರೆ ಕೊಡುತ್ತೇನೆ.'

ಒಳ್ಳೆಯವಳು ಎಂದು ಬರೆಯಲಾರೆ.
ಹೊಲಿಗೆ ಸಡಿಲವಾದರೆ ಪೂರ್ತಿ ಬಿಚ್ಚಿಸುತ್ತಾಳೆ.
ಶನಿವಾರ ಆನೆ ದಾರಿಗಿಳಿಯುವ ಮೊದಲೇ
ಬಟವಾಡೆ ಮುಗಿಸಿ ಎಲ್ಲರನ್ನೂ ಮನೆಗಟ್ಟುತ್ತಾಳೆ, ನಿಜ,
ಆದರೆ ಮುಂಗಡ ಮಾತ್ರ ಯಾರಿಗೂ ಇಲ್ಲ.
ಒಡಹುಟ್ಟಿದ ತಂಗಿಗೂ ಇಲ್ಲ ಎಂದಳು.
ತಂಗಿ ಈಗ ಮಾತಾಡಿಸುವುದಿಲ್ಲ.
ಇದನ್ನು ಹೇಳುವಾಗ ಹುರಿಯನ್ನು
ಹಲ್ಲಿನಲ್ಲೇ ಕಚ್ಚಿಕೊಂಡಿದ್ದಳು,
ಕತ್ತರಿ ಕೈಯಳತೆಯಲ್ಲೇ ಇತ್ತು.

ಮಡಿಕೇರಿಯ ತರಬೇತಿಯಲ್ಲಿ
ಪರದೆ ಮೇಲೆ ಒಂದೊಂದಾಗಿ ಹಾರಿ ಬಂದಿದ್ದವು:
ನಾಯಕತ್ವ, ಎದೆಗಾರಿಕೆ, ದೂರದೃಷ್ಟಿ.
ಚಹಾ, ಬಿಸ್ಕತ್ತು, ಮತ್ತೆ ನಾಯಕತ್ವ.
ನಾಚಿಕೆಯಾದರೂ ಕೇಳಿದೆ,
ದೂರದೃಷ್ಟಿ ಹೇಗಿದೆಯಮ್ಮ ನಿಮಗೆ?

'ದೂರದ್ದೆಲ್ಲ ಕಾಣುತ್ತದೆ.
ಆಚೆ ದಂಡೆಯಲ್ಲಿ ಯಾರ ಎಮ್ಮೆ ಅಂತ ಬೇಕಾದರೆ ಹೇಳುತ್ತೇನೆ.
ದಬ್ಬಣದ ಕಣ್ಣೇ ಕಾಣುವುದಿಲ್ಲ.
ಸಾಲದಲ್ಲಿ ಕನ್ನಡಕ ಸೇರುತ್ತದಾ?'

ಯಂತ್ರೋಪಕರಣ ಎಂದು ಬರೆದುಕೊಂಡೆ.

ಹನ್ನೊಂದನೆಯದು ಖಾಲಿ ಇತ್ತು.
ಸಿದ್ದಾಪುರದ ಬಸ್ಸಿಗೆ ಹೊತ್ತಾಗುತ್ತಿತ್ತು.
ನೋಡುತ್ತೇನೆ, ನನ್ನ ಚೀಲ ಅವಳ ಮಡಿಲಲ್ಲಿ;
ವರ್ಷದಿಂದ ಕಿತ್ತುಹೋಗಿದ್ದ ಪಟ್ಟಿಗೆ
ಆರು ಹೊಲಿಗೆ, ಗೋಣಿ ಹುರಿಯದ್ದು,
ಬಿಗಿಯಾಗಿ, ಎದ್ದು ಕಾಣುವಂತೆ.

'ಹತ್ತು ರೂಪಾಯಿ.'

ಇಪ್ಪತ್ತರ ನೋಟು ಕೊಟ್ಟು ಇರಲಿ ಎಂದೆ.
ಚಿಲ್ಲರೆ ಇತ್ತು ಅವಳ ಹತ್ತಿರ.