ಐದೂ ಹತ್ತರ ಬಸ್ಸು

ತುರ್ಕುವಿನಿಂದ ರೌಮಾಕ್ಕೆ ಸಂಜೆ ಐದೂ ಹತ್ತರ ಬಸ್ಸು ನನ್ನದು.
ಇಪ್ಪತ್ತಾರು ಚಳಿಗಾಲ ಇದೇ ಸ್ಟಿಯರಿಂಗು, ಇದೇ ಉಪ್ಪು ಹೊಯ್ದ ರಸ್ತೆ.
ಬಾಗಿಲು ತೆರೆದರೆ ಮೊದಲು ಹತ್ತುವುದು ಚಳಿ,
ಆಮೇಲೆ ಜನ.

ತಾರ್ಮೊ ಹತ್ತುತ್ತಾನೆ, ಕಂಕುಳಲ್ಲಿ ಹಾಕಿ ಕೋಲು.
'ಲೌಮಾ' ಅನ್ನುತ್ತಾನೆ.
ಲೌಮಾ ಅಂದರೆ ನಮ್ಮ ಮಾತಿನಲ್ಲಿ ಮಂದೆ.
'ಕುರಿಯದೋ, ಹಿಮಸಾರಂಗದ್ದೋ?' ಅಂದೆ ಒಮ್ಮೆ.
ಬಸ್ಸಿಗೆ ಬಸ್ಸೇ ನಕ್ಕಿತು. ಅವನೂ ನಕ್ಕ,
ಸ್ವಲ್ಪ ತಡವಾಗಿ.
ತನ್ನನ್ನು ತಾಲ್ಮೊ ಅಂತಲೇ ಕರೆದುಕೊಳ್ಳುತ್ತಾನೆ
ಟೀಚರಿಗೂ, ನಾಯಿಗೂ, ಬಹುಶಃ ನಿದ್ದೆಯಲ್ಲಿ ದಿಂಬಿಗೂ.
ರಕಾರ ಎಲ್ಲೋ ಬಿದ್ದುಹೋಗಿದೆ ಹಾಲುಹಲ್ಲಿನ ಹಾಗೆ,
ಆ ಸಂದಿಯಿಂದಲೇ ಮಾತು ಧಾರಾಳ.

ಇಲ್ಪೊ ಬೇರೆ.
ಅವನಲ್ಲಿ ರಕಾರ ಇದೆ, ಗಟ್ಟಿಯಾದದ್ದೇ ಇದೆ.
ನಿಲ್ದಾಣದಲ್ಲಿ ಕಟ್ಟಿದ್ದ ಯಾರದೋ ನಾಯಿಯ ಜೊತೆ
ಗಳಗಳ ಮಾತಾಡಿದ್ದನ್ನು ಕೇಳಿದ್ದೇನೆ ಕಿಟಕಿ ಇಳಿಸಿ.
ನನ್ನ ಮುಂದೆ ನಿಂತರೆ
'ರ್... ರ್...'
ಮುಷ್ಟಿಯಲ್ಲಿ ನಾಣ್ಯ ಬೆವರುತ್ತದೆ,
ಅಕ್ಷರ ಹೊಸ್ತಿಲ ಮೇಲೆ
ಹೊರಗೆ ಬಾರದು, ಒಳಗೂ ಹೋಗದು.

ಒಬ್ಬನದು ತೊದಲು, ಒಬ್ಬನದು ಉಗ್ಗು.
ಎರಡಕ್ಕೂ ಒಂದೇ ಮದ್ದು ಅಂದುಕೊಂಡಿದ್ದೆ:
ವಾಕ್ಯ ನಾನೇ ಮುಗಿಸಿಕೊಡುವುದು.

ಜನವರಿಯ ಒಂದು ಸಂಜೆ, ಮೂರು ನಿಮಿಷ ತಡ.
ಯಾರೂ ನಗಲಿಲ್ಲ. ನಾನು ಒಳ್ಳೆಯವನಾದೆ:
'ರೈಸಿಯೊ ತಾನೇ?'
ಅವನು ನನ್ನನ್ನು ನೋಡಿದ, ಹಿಂದೆ ನಿಂತ ಸಾಲನ್ನು ನೋಡಿದ,
ತಲೆಯಾಡಿಸಿದ.
ರೈಸಿಯೊದಲ್ಲಿ ಇಳಿದೇಬಿಟ್ಟ.
ಕನ್ನಡಿಯಲ್ಲಿ ಕಂಡಿತು: ದೀಪದ ಕೆಳಗೆ ಶಾಲೆಯ ಚೀಲ,
ಮೈನಸ್ ಹದಿನೆಂಟು,
ಅವನ ಬಾಯಿಂದ ತಡೆಯಿಲ್ಲದೆ ಬರುತ್ತಿದ್ದದ್ದು ಹಬೆ.

ಹೆದ್ದಾರಿ ಹತ್ತಿದ ಮೇಲೆ ತಾರ್ಮೊ ಎದ್ದು ಬಂದ.
'ಅವನು ನಮ್ಮ ಬೀದಿಯವನು. ಅವನದೂ ಲೌಮಾ.'

ಯಾರನ್ನು ನೋಡಿ ನಕ್ಕೆನೋ ಅವನು ಮನೆ ಸೇರಿದ.
ಯಾರಿಗೆ ನೆರವಾದೆನೋ ಅವನು
ಮುಂದಿನ ಬಸ್ಸಿಗೆ ಎರಡು ಗಂಟೆ ಕಾದನಂತೆ.
ಆ ಡ್ರೈವರನಿಗೆ ಏನು ಹೇಳಿದನೋ, ಹೇಗೆ ಹೇಳಿದನೋ,
ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಮರುವಾರ ಹ್ಯಾಂಡ್‌ಬ್ರೇಕ್ ಎಳೆದು ಕೂತೆ.
'ರ್...'
ವೈಪರು ಹೋಯಿತು, ಬಂತು.
ಯಾರೋ ಕೆಮ್ಮಿದರು, ಯಾರೋ ಗಡಿಯಾರ ನೋಡಿಕೊಂಡರು.
ನನ್ನ ಬಾಯಲ್ಲಿ ಆ ಪದ ಪೂರ್ತಿ ತಯಾರಿತ್ತು;
ನಾಲಿಗೆ ಕಚ್ಚಿಕೊಂಡೆ.
ವೈಪರು ಏಳನೆಯ ಸಲ ಮರಳುವಾಗ
'ರೌಮಾ'
ಉರುಟು ಕಲ್ಲೊಂದು ಮರದ ಹಲಗೆಯ ಮೇಲೆ
ಉರುಳಿದ ಹಾಗೆ.

'ನನಗೂ ಲೌಮಾ' ಅಂದ ಹಿಂದಿನವನು.
ಒಂದೇ ದರ, ಎರಡು ಟಿಕೆಟ್ಟು.
ಬಾಗಿಲು ಮುಚ್ಚಿದಾಗ ಐದೂ ಹದಿಮೂರು.