ನಾಲ್ಕನೇ ಜ್ವರ

ಹುಳುಮನೆಗೆ ಚಪ್ಪಲಿ ಮೆಟ್ಟಿ ಹೋದವಳಲ್ಲ ನಾನು.
ನಲವತ್ತು ವರ್ಷ, ವರ್ಷಕ್ಕೆ ಐದು ಬೆಳೆ,
ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು
ಕೈ ತೊಳೆದು, ಉಸಿರನ್ನೂ ಸಣ್ಣಗೆ ಮಾಡಿಕೊಂಡು ಒಳಗೆ.
ಊದುಬತ್ತಿ ಹಚ್ಚಲಿಲ್ಲ. ಬೀಡಿಯವರನ್ನು ಬಿಡಲಿಲ್ಲ.
ರೇಷ್ಮೆ ಇಲಾಖೆಯ ಥರ್ಮಾಮೀಟರು ಗೋಡೆಯಲ್ಲಿ;
ಓದು ಬಾರದ ನನಗೂ ಗೊತ್ತು
ಕೆಂಪು ಗೆರೆ ಎಲ್ಲಿ ನಿಂತರೆ
ಕಿಟಕಿಗೆ ಒದ್ದೆ ಗೋಣಿ ಕಟ್ಟಬೇಕೆಂದು.

ಗಂಗರತ್ನ,
ಹುಳ ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ.
ತಲೆ ಎತ್ತಿ ಸುಮ್ಮನೆ ನಿಲ್ಲುತ್ತದೆ. ಸೊಪ್ಪು ಮುಟ್ಟುವುದಿಲ್ಲ.
ಆಗ ತಟ್ಟೆ ಅಲುಗಿಸಬಾರದು.
ಯಾಕೆ ತಿನ್ನಲ್ಲ ಅಂತ ಯಾರೂ ಹುಳವನ್ನು ಬೈಯುವುದಿಲ್ಲ.
ಇದನ್ನೆಲ್ಲ ನಿನಗೆ ಕಲಿಸಿದವಳು ನಾನೇ,
ನೀನು ಬಂದ ಮೊದಲ ಬೆಳೆಯಲ್ಲಿ.

ಎರಡನೇ ಸಲ ಬಸುರಾದಾಗ ನೀನು
ಹಿತ್ತಿಲ ಕಲ್ಲಿನ ಮೇಲೆ ತಲೆ ಎತ್ತಿ ಸುಮ್ಮನೆ ಕೂತೆ,
ಸಂಜೆಗಟ್ಟಲೆ.
ಮುದ್ದೆ ತಟ್ಟೆಯಲ್ಲೇ ಒಣಗಿತು.
ನಾನದನ್ನು ಸೋಮಾರಿತನ ಅಂದೆ.
ತವರಿನ ಸೊಕ್ಕು ಅಂದೆ.
ಏನಾಯಿತೇ ಅಂತ ಒಂದು ಸಲ ಕೇಳಿದ್ದುಂಟು,
ಸೊಪ್ಪಿನ ಮಂಕರಿ ತಲೆಯ ಮೇಲಿಟ್ಟುಕೊಂಡೇ ಕೇಳಿದ್ದು.
'ಏಮಿಲೇದತ್ತಾ' ಅಂದೆ.
ಅಳು ಗಂಟಲಿಗೆ ಬಂದರೆ ಮಾತ್ರ ನಿನಗೆ ತೆಲುಗು ಬರುತ್ತದೆ,
ಅದು ನನಗೆ ಗೊತ್ತಿತ್ತು.
ಮಂಕರಿ ಇಳಿಸಲಿಲ್ಲ.

ಮೊದಲಿನದು ಏಳು ತಿಂಗಳಿಗೇ ಹೋಗಿತ್ತು.
ಅದರ ಮಾತೆತ್ತಬೇಡ, ಈ ಕೂಸಿಗೆ ತಾಗುತ್ತದೆ
ಅಂದವಳೂ ನಾನೇ.
ಆಡದ ಮಾತು ತಾಗುವುದಿಲ್ಲ ಅಂತ
ನನಗೆ ಯಾರು ಹೇಳಿದ್ದರು?

ತಾಯಿ ಕಾರ್ಡಿನಲ್ಲಿ ಎಲ್ಲ ಸರಿಯಿತ್ತು.
ತೂಕ, ಬೀಪಿ, ರಕ್ತ, ಕಬ್ಬಿಣದ ಮಾತ್ರೆ.
ಕೂಸೂ ತೂಕವಾಗಿಯೇ ಹುಟ್ಟಿತು.
ಆದರೆ ಚೊಂಬು ಬಿದ್ದರೆ ನೀಲಿಗಟ್ಟುವಷ್ಟು ಬೆಚ್ಚುತ್ತಿತ್ತು,
ಎತ್ತಿಕೊಂಡರೂ ಬಿಗಿಯಾಗಿಯೇ ಇರುತ್ತಿತ್ತು ಮೈ,
ಏಳು ತಿಂಗಳಾದರೂ
ಮುಖ ಬಿಟ್ಟು ಮಾಡಿನ ಜಂತೆಯನ್ನೇ ನೋಡುತ್ತಿತ್ತು.
ದೃಷ್ಟಿ ಅಂದೆವು. ಮೆಣಸಿನಕಾಯಿ ಸುಟ್ಟೆವು.
ಘಾಟಿಗೆ ನೀನೊಬ್ಬಳೇ ಕೆಮ್ಮಲಿಲ್ಲ.

ಆ ವಾರ ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ
ಖಲಂದರ್ ಸಾಬರು ನಮ್ಮ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಹೇಳಿದರು:
ಹೋದ ಸಲದ್ದು ನೂಲು ಕಡಿಯಿತಮ್ಮಾ,
ನಾಲ್ಕನೇ ಜ್ವರದಲ್ಲಿ ಬಿಸಿ ತಾಗಿತ್ತೇನೋ ನೋಡಿ.
ಗೂಡು ಹೊರಗಿಂದ ಬೆಳ್ಳಗೇ ಇರುತ್ತೆ,
ಬಿಚ್ಚುವಾಗಲೇ ಗೊತ್ತಾಗೋದು.
ಬಸ್ಸಿನಲ್ಲಿ ದುಡ್ಡು ಎಣಿಸಲಾಗಲಿಲ್ಲ ನನಗೆ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ
ಕೂಸಿನ ಕಾರ್ಡು ಬದಿಗಿಟ್ಟು ನಿನ್ನ ಕಡೆ ತಿರುಗಿದಳು.
ಇವನು ಹೊಟ್ಟೆಯಲ್ಲಿದ್ದಾಗ ನೀವು ಹೇಗಿದ್ದಿರಿ?
'ಚೆನ್ನಾಗಿದ್ದಳು, ಬೀಪಿ' ಅಂತ ನಾನು ಶುರುಮಾಡಿದೆ,
ಕೈ ಎತ್ತಿ ನಿಲ್ಲಿಸಿದಳು.
ಹೊರಗೆ ಟೋಕನ್ ಹಿಡಿದವರು ಗೊಣಗುತ್ತಿದ್ದರು,
ನೀನು ಅತ್ತೆ, ಅತ್ತೆ,
ಆ ಮೊದಲಿನದಕ್ಕೆ ಒಂದು ಹೆಸರಿಟ್ಟಿದ್ದೆಯಂತೆ.
ಅದನ್ನು ನಾನಿಲ್ಲಿ ಹೇಳುವುದಿಲ್ಲ. ಅದು ನಿನ್ನದು.

ಇದು ನಿಮ್ಮ ತಪ್ಪಲ್ಲ ಅಂದಳು ಡಾಕ್ಟರಮ್ಮ ನಿನಗೆ.
ನನಗೆ ಹಾಗೆ ಹೇಳಲಿಲ್ಲ.
ತಾಯಿಗೆ ಕವಿದದ್ದು ಕೂಸಿಗೂ ಒಂದಿಷ್ಟು ತಟ್ಟುತ್ತದೆ,
ಎಲ್ಲರಿಗೂ ಅಲ್ಲ, ಒಂದೇ ಥರವೂ ಅಲ್ಲ,
ಮಿದುಳು ಇನ್ನೂ ಬೆಳೆಯುತ್ತಿದೆ, ಕಾಲ ಮೀರಿಲ್ಲ.
ನಿನಗೆ ಮಾತ್ರೆ, ಗುರುವಾರ ಗುರುವಾರ ಮಾತು.
ಕೂಸಿಗೆ ಮುಖ.
ಮುಖ ತೋರಿಸಿ, ಮಾತಾಡಿಸಿ, ಉತ್ತರಕ್ಕೆ ಕಾಯಿರಿ.

ನೂಲು ಕಡಿದ ಗೂಡನ್ನು ಸಾಬರು ಎಸೆಯುವುದಿಲ್ಲ.
ಬಿಸಿನೀರಿಗೆ ಬೆರಳಿಟ್ಟು ತುದಿ ಹುಡುಕುತ್ತಾರೆ,
ಬೆಂದ ಬೆರಳು, ಉಗುರಿನ ಸುತ್ತ ಬೆಳ್ಳಗೆ.
ನೋಡಿದ್ದೇನೆ. ಹೊತ್ತು ಹಿಡಿಯುತ್ತದೆ.

ನಿನ್ನೆ ಮತ್ತೆ ಚೊಂಬು ಬಿತ್ತು, ನನ್ನ ಕೈಯಿಂದಲೇ.
ಕೂಸು ಬೆಚ್ಚಿತು,
ಬೆಚ್ಚಿ ಜಂತೆಯತ್ತ ಹೊರಟ ಕಣ್ಣು
ಅರ್ಧದಾರಿಯಲ್ಲಿ ನಿನ್ನ ಮುಖದ ಮೇಲೆ ನಿಂತಿತು.
ನೀನು ನಗಲಿಲ್ಲ. ಅಳಲೂ ಇಲ್ಲ.
'ಏಮಿಲೇದು ನಾನಾ' ಅಂದೆ ಅದಕ್ಕೆ, ಮೆಲ್ಲಗೆ,
ಈ ಸಲ ಅದು ನಿಜವೇ ಇರಬಹುದು.

ಒಳಗೆ ಬರಲೇ ಎಂದು ಕೇಳಲು ಬಂದವಳು
ನಿನ್ನ ಕೋಣೆಯ ಬಾಗಿಲಲ್ಲಿ
ಚಪ್ಪಲಿ ಬಿಟ್ಟು ನಿಂತಿದ್ದೇನೆ.