ಎಡಗಡೆಯ ಕದ

ವರ್ನಾ ಕಲ್ಲಿಯೊಕೋಸ್ಕಿಯ ಮನೆ ಎಪ್ಪತ್ತನಾಲ್ಕನೇ ಇಸವಿಯದು.
ಥಂಡರ್ ಬೇ ಊರಲ್ಲಿ ಆಗ ಕಟ್ಟಿದ್ದೆಲ್ಲ ಹೀಗೇ:
ಅರ್ಧ ನೆಲದೊಳಗೆ, ಅರ್ಧ ಮೇಲೆ,
ಬಾಗಿಲು ತೆರೆದರೆ ಏಳು ಮೆಟ್ಟಿಲು ಹತ್ತಬೇಕು
ಇಲ್ಲವೇ ಏಳು ಇಳಿಯಬೇಕು,
ಸುಮ್ಮನೆ ನಿಲ್ಲುವುದಕ್ಕೆ ಜಾಗವಿಲ್ಲ.

ನಾನು ಮನೆಗಳ ಹೊರಮೈ ನೋಡಿಕೊಳ್ಳುವವನು.
ಮೂವತ್ತೊಂದು ವರ್ಷದಿಂದ ಹಳೆಯ ಅಂಗಿ ಬಿಚ್ಚಿ
ಹೊಸದು ತೊಡಿಸುತ್ತ ಬಂದಿದ್ದೇನೆ.
ಈಗ ಎಲ್ಲರೂ ಕೇಳುವುದು ಒಂದೇ:
ಇದ್ದಿಲ ಬಣ್ಣ, ಕಪ್ಪು ಚೌಕಟ್ಟು,
ಬಾಗಿಲ ಪಕ್ಕ ಮೊಳದುದ್ದದ ಅಂಕಿ.
ಈ ಬೀದಿಯಲ್ಲೇ ಹನ್ನೊಂದು ಮಾಡಿದ್ದೇನೆ.
ಮಬ್ಬುಗತ್ತಲಲ್ಲಿ ನೋಡಿದರೆ ಸಾಲಾಗಿ ಆರಿದ ಒಲೆಗಳು.
ಹೇಳುವುದಿಲ್ಲ. ಹಣ ಅವರದು, ಏಣಿ ನನ್ನದು.

ವರ್ನಾ ಬಣ್ಣದ ಚೀಟಿಗಳನ್ನು ಇಸ್ಪೀಟಿನಂತೆ ಬಿಡಿಸಿ ಹಿಡಿದಳು:
'ಬಿರುಗಾಳಿ'ಯೋ, 'ಒದ್ದೆಗಲ್ಲೋ'?
ಬಂದರಿನ ಧಾನ್ಯದ ಕಣಜದಲ್ಲಿ
ಇಪ್ಪತ್ತೆಂಟು ವರ್ಷ ತೂಕ ಬರೆದವಳು,
ಒಂದು ಗುಲಗಂಜಿ ಹೆಚ್ಚುಕಮ್ಮಿ ಸಹಿಸುವವಳಲ್ಲ.
"ಎರಡೂ ಬೂದಿಯೇ ಅಲ್ಲವಾ?" ಅಂದಳು.
ನಾನು ಕೆರೆಯ ಕಡೆ ನೋಡಿದೆ.
ಕೆರೆ ಅನ್ನುತ್ತೇವೆ, ಆಚೆ ದಡವೇ ಕಾಣದ್ದಕ್ಕೆ.

ಕಿಟಕಿಗೆ ಎರಡೆರಡು ಕದ.
ಕದವೆಂದರೆ ಕದವಲ್ಲ: ಕೀಲಿಲ್ಲ, ಅಗುಳಿಯಿಲ್ಲ,
ಎಳೆದರೆ ಬರುವುದಿಲ್ಲ, ಬಂದರೂ ಅಗಲ ಸಾಲದು.
ನಾಲ್ಕು ತಿರುಪಿನಲ್ಲಿ ಗೋಡೆಗೆ ಬಿಗಿದ ಹಲಗೆ.
ಯಾವುದೋ ಊರಿನ ಯಾರದೋ ಬಿಸಿಲಿಗೆಂದು ಹುಟ್ಟಿದ್ದು
ಇಲ್ಲಿ ಹಿಮದಲ್ಲಿ ಐವತ್ತು ಚಳಿಗಾಲ
ಕೈಕಟ್ಟಿ ನಿಂತಿತ್ತು.

ಮೊದಲನೆಯದನ್ನು ಬಿಚ್ಚಿದೆ.
ಖಾಲಿ ಕಡಜದ ಗೂಡು ಹಪ್ಪಳದಂತೆ ಪುಡಿಯಾಯಿತು.
ಅದರ ಹಿಂದೆ ಒಂದು ಚೌಕ ಹಳದಿ,
ಆಗಷ್ಟೇ ಅರೆದ ಸಾಸಿವೆಯ ಹಸಿ ಹಳದಿ.
ಸುತ್ತ ಬಳಿದ ಕಂದು, ಕಂದಿನ ಮೇಲಿನ ಕೆನೆ,
ಕೆನೆಯ ಮೇಲೆ ಕೂತ ಲಾರಿಗಳ ಧೂಳು,
ಯಾವುದರ ಕೈಗೂ ಅದು ಸಿಕ್ಕಿರಲಿಲ್ಲ.

ಏಣಿಯ ಮೇಲೇ ಕಾದೆ. ಇಂಥ ಹೊತ್ತಲ್ಲಿ ಜನ ಅಳುತ್ತಾರೆ.
ಒಬ್ಬಾಕೆ ಗೋಡೆಗೆ ಕೆನ್ನೆಯೊತ್ತಿ ನಿಂತಿದ್ದಳು, ಊಟದ ಹೊತ್ತು ಮೀರುವ ತನಕ.
ವರ್ನಾ ನಕ್ಕಳು.
"ಯಾರೂ ಆರಿಸಿದ ಬಣ್ಣವಲ್ಲ ಇದು.
ಅಂಗಡಿ ಹುಡುಗ ಬೇರೆ ಯಾರಿಗೋ ತಪ್ಪಾಗಿ ಕಲಸಿಟ್ಟದ್ದು.
ಡಬ್ಬಿಗೆ ಎರಡು ಡಾಲರಿನಂತೆ ಒಂಬತ್ತು ಡಬ್ಬಿ
ಎಸ್ಕೊ ಹೊತ್ತು ತಂದ.
ನಾನು ಒಂದು ವಾರ ಮಾತು ಬಿಟ್ಟೆ.
ಅವನು ಆ ವಾರವೆಲ್ಲ ಬಳಿದ.
ಆಮೇಲೆ ಟ್ಯಾಕ್ಸಿಯವರಿಗೆ ಗುರುತು ಹೇಳುವುದು ಸುಲಭವಾಯಿತು."

ಎಸ್ಕೊ ಈಗ ಎಲ್ಲಿ ಎಂದು ನಾನು ಕೇಳಲಿಲ್ಲ,
ಕೇಳಬಾರದು ಅಂದುಕೊಂಡೆ.
ಗ್ಯಾರೇಜಿನಿಂದ ಅವನೇ ಕೂಗಿದ:
"ಎರಡಲ್ಲ, ಒಂದೂವರೆ!"

ಕೊನೆಯದು ಉಳಿಯಿತು, ಮಲಗುವ ಕೋಣೆಯ ಎಡಗಡೆಯದು.
ತಿರುಪಿಗೆ ಕೈಯಿಟ್ಟೆ. ಒಳಗಿಂದ ಸದ್ದು,
ಒಣ ಎಲೆ ಹಿಚುಕಿದಷ್ಟು.
ಟಾರ್ಚು ಹಿಡಿದೆ. ಸಂದಿಯಲ್ಲಿ ತಲೆಕೆಳಗಾಗಿ
ಒಂದಕ್ಕೊಂದು ಒತ್ತಿಕೊಂಡ ಬಾವಲಿಗಳು,
ಎದೆಗೆ ಕಚ್ಚಿಕೊಂಡ ಹುಣಸೆಬೀಜದಂಥ ಮರಿಗಳು.
ಬಾವಲಿ ಮನೆಗೆ ನೆಂಟನಾಗಿ ಹೋದವನು
ತಾನೂ ಜೋತು ಬೀಳಬೇಕಂತೆ;
ಏಣಿಗೆ ಜೋತು ಬಿದ್ದೇ ಇದ್ದೆ, ಬಹಳ ಹೊತ್ತು.
ಮರಿ ಹಾರುವ ತನಕ ಮುಟ್ಟಬಾರದೆಂದು ಕಾನೂನು.

ಮನೆ ಮುಗಿದಿದೆ. 'ಒದ್ದೆಗಲ್ಲು', ಕಪ್ಪು ಚೌಕಟ್ಟು.
ಹನ್ನೆರಡನೆಯದು.
ಎಡಗಡೆ ಮಾತ್ರ ಒಂಟಿ ಕದ, ಸುತ್ತ ಅಂಗೈಯಗಲ ಬಣ್ಣ ತಪ್ಪಿಸಿದ ಅಂಚು,
ಮದುವೆ ಕೋಟಿಗೆ ಮರೆತು ಉಳಿದ ಬಟ್ಟೆ ಕ್ಲಿಪ್ಪಿನ ಹಾಗೆ.
ಅದರ ಹಿಂದೆ ಒಂದೂವರೆ ಡಾಲರಿನ ಹಳದಿ.
ಆಗಸ್ಟಿನಲ್ಲಿ ಬಂದು ತೆಗೆಯುತ್ತೇನೆಂದು
ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟೆ.

ಏಣಿ ಅಲ್ಲೇ ಬಿಟ್ಟು ಬಂದಿದ್ದೆ, ನಿನ್ನೆ ಸಂಜೆ ಹೋದೆ.
ಹುಲ್ಲಿನ ಮೇಲೆ ಎರಡು ಮಡಿಸುವ ಕುರ್ಚಿ,
ಇಬ್ಬರ ಬೆನ್ನೂ ಬೀದಿಗೆ.
ಒಂದೊಂದೇ ಸಂದಿಯಿಂದ ಬೀಳುತ್ತಿದ್ದವು,
ಬೀಳುತ್ತ ಬೀಳುತ್ತಲೇ ಹಾರುತ್ತಿದ್ದವು.
ವರ್ನಾಳ ಮೊಣಕಾಲ ಮೇಲೆ ಪುಸ್ತಕ:
ನಾಲ್ಕು ಗೀಟು, ಅಡ್ಡಕ್ಕೊಂದು, ಮತ್ತೆ ನಾಲ್ಕು.
"ನಲವತ್ತೊಂದು," ಅಂದಳು.
"ನಲವತ್ತು," ಅಂದ ಎಸ್ಕೊ.
ಸದ್ದಾದೀತೆಂದು
ನಾನು ಏಣಿ ಎತ್ತಲಿಲ್ಲ.